ಬಿಸ್ಕೀಟ್ ಡಬ್ಬಿಗೆ ಬೆಲೆ ಕಟ್ಟಿದ ಕಥೆ

ವ್ಯಾಪಾರಸ್ಥರ ಮನೆ ಸೇರಿದ ಹೆಂಗಸಿಗೆ ಬೆಲೆಯಿಲ್ಲದ ಒಂದಾದರೂ ವಸ್ತುವನ್ನು ಹಚ್ಚಿಕೊಳ್ಳುವ ಹಕ್ಕು ಇರಬೇಕು ಎಂಬುದು ನನ್ನ ಬಹುದಿನದ ಅಭಿಪ್ರಾಯ. ಅಭಿಪ್ರಾಯ ಮಾತ್ರ, ಅನುಭವವಲ್ಲ. ನಮ್ಮ ಮನೆಯಲ್ಲಿ ಬೆಲೆಯಿಲ್ಲದ ವಸ್ತು ಎಂದರೆ ಬೆಲೆ ಇನ್ನೂ ವಿಚಾರಿಸದ ವಸ್ತು ಎಂದೇ ಅರ್ಥ. ಹಳಿಯಾಳದ ಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ನಾನು ಅಡಿಗೆಮನೆಯಲ್ಲಿ ನಿಂತು ಇವತ್ತಿನ ಬದನೆಕಾಯಿ ಎಷ್ಟು ಎಳೆಯವಾಗಿವೆ ಎಂದು ನನ್ನಷ್ಟಕ್ಕೆ ಅಂದುಕೊಂಡರೂ ಸಾಕು, ಪರದೆಯ ಆಚೆಯಿಂದ ನಮ್ಮವರು ಕಿಲೋಕ್ಕೆ ಎಷ್ಟರಂತೆ ಬಿತ್ತು ಎಂದು ಕೇಳುತ್ತಾರೆ. ಒಮ್ಮೆ ನನ್ನ ಕಾಟ ತಡೆಯಲಾರದೆ ಸೂಪಾ ಅಣೆಕಟ್ಟಿನ ಹಿನ್ನೀರು ತೋರಿಸಲು ಕರೆದುಕೊಂಡು ಹೋಗಿದ್ದರು. ಸಂಜೆಯ ಬೆಳಕು, ಕಣ್ಣು ಹಾಯುವವರೆಗೂ ನೀರು, ಸುತ್ತ ಕಾಡು. ಅವರು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕಾದರೂ ಇವರೊಳಗಿನ ರಸಿಕ ಎಚ್ಚರಗೊಂಡನಲ್ಲ ಎಂದು ನಾನು ಒಳಗೊಳಗೇ ಉಬ್ಬಿ ಹೋಗಿದ್ದೆ. ಆಮೇಲೆ ಅವರು ಬಾಯಿಬಿಟ್ಟು, ಬಾಟಲಿಗೆ ಇಪ್ಪತ್ತು ರೂಪಾಯಿ ಹಿಡಿದರೂ ಇದು ಎಷ್ಟಾಗಬಹುದು ಎಂದರು.

ಅಂಥ ಮನೆಯಲ್ಲಿ ನಾನು ನಾಣ್ಯ ಕೂಡಿಸುತ್ತೇನೆ. ಹೊಸದಾಗಿ ಬಂದಾಗ ಅತ್ತೆಯವರು ನನಗೆ ಕೊಟ್ಟ ಮೊದಲ ಕೆಲಸ, ನಮ್ಮವರು ಮಧ್ಯಾಹ್ನ ಉಂಡು ಒಂದು ನಿದ್ದೆ ತೆಗೆಯುವವರೆಗೆ ಗಲ್ಲೆಯ ಮುಂದೆ ಕೂಡುವುದು. ನೋಟುಗಳ ಬಗ್ಗೆ ಅವರು ಹೇಳಿದ ಎಚ್ಚರಿಕೆಯ ಮಾತುಗಳಿಗೆ ಲೆಕ್ಕವಿಲ್ಲ. ಚಿಲ್ಲರೆಯ ಬಗ್ಗೆ ಏನೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಗಿರಾಕಿಗಳೂ ಕಡಿಮೆ. ಹೊತ್ತು ಹೋಗದೆ ಗಲ್ಲೆಯ ಚಿಲ್ಲರೆ ಬಟ್ಟಲಲ್ಲಿ ಕೈಯಾಡಿಸುತ್ತ ಕೂತಿದ್ದಾಗ ಘೇಂಡಾಮೃಗದ ಚಿತ್ರವಿದ್ದ ನಾಲ್ಕಾಣೆ ಕಣ್ಣಿಗೆ ಬಿತ್ತು. ಅಷ್ಟು ದೊಡ್ಡ ಪ್ರಾಣಿ ಅಷ್ಟು ಚಿಕ್ಕ ಜಾಗದಲ್ಲಿ ಎಷ್ಟು ಸಮಾಧಾನದಿಂದ ನಿಂತಿದೆಯಲ್ಲ ಎಂದು ಬೆರಗಾದೆ. ಹೊಸ ಸೊಸೆಯಾದ್ದರಿಂದ ಅದರ ಮೇಲೆ ಗೌರವವೂ ಮೂಡಿತು. ನನ್ನದೇ ಒಂದು ನಾಲ್ಕಾಣೆಯನ್ನು ಗಲ್ಲೆಗೆ ಹಾಕಿ ಅದನ್ನು ಎತ್ತಿಟ್ಟುಕೊಂಡೆ. ಆಮೇಲೆ ಅಂಚೆಲ್ಲ ಅಲೆಅಲೆಯಾಗಿದ್ದ ಹತ್ತು ಪೈಸೆ, ಕಮಲದ ಹೂವಿನ ಇಪ್ಪತ್ತು ಪೈಸೆ, ಆರು ಮೂಲೆಯ ಮೂರು ಪೈಸೆ, ನಡುವೆ ತೂತಿರುವ ಕಾಸು, ಎಲ್ಲ ಒಂದೊಂದಾಗಿ ಬಂದವು. ಹಳ್ಳಿಯವರು ಹಳೆಯ ಗಡಿಗೆಯಲ್ಲಿ, ತೊಲೆಯ ಸಂದಿಯಲ್ಲಿ ಸಿಕ್ಕದ್ದನ್ನು ತಂದು, ಇದು ನಡೆಯುತ್ತದೆಯೇ ಎಂದು ಕೇಳುತ್ತಿದ್ದರು. ನಡೆಯುವುದಿಲ್ಲ, ಆದರೆ ನನ್ನ ಹತ್ತಿರ ಕೂಡುತ್ತದೆ ಎಂದು ನಾನು ಬದಲಿಗೆ ಬೆಲ್ಲವನ್ನೋ ಚಹಾಪುಡಿಯನ್ನೋ ಕೊಡುತ್ತಿದ್ದೆ. ಎಲ್ಲವೂ ಒಂದು ಬಿಸ್ಕೀಟ್ ಡಬ್ಬಿ ಸೇರಿದವು. ನಮ್ಮವರು ಇದಕ್ಕೆ ಹುಚ್ಚು ಎಂದು ಹೆಸರಿಟ್ಟಿದ್ದರು. ಸಂಜೆಯ ಗಲ್ಲೆ ಸರಿಯಾಗಿ ತಾಳೆಯಾಗುತ್ತಿದ್ದುದರಿಂದ ಚಿಕಿತ್ಸೆಗೆ ಮಾತ್ರ ಮುಂದಾಗಿರಲಿಲ್ಲ.

ನಾಣ್ಯ ಕೂಡಿಸುವವರು ಅವನ್ನು ಇಸವಿಯ ಪ್ರಕಾರ, ಟಂಕಸಾಲೆಯ ಪ್ರಕಾರ ಜೋಡಿಸುತ್ತಾರಂತೆ. ನಾನು ಕೊಟ್ಟವರ ಪ್ರಕಾರ ಜೋಡಿಸಿದ್ದೆ. ಮುಂಡಗೋಡದ ಕಡೆಯಿಂದ ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟಿಯನ್ ಅಜ್ಜಿ ಕೊಟ್ಟ ಒಂದು ನಾಣ್ಯವಿದೆ. ಅದರ ಅಕ್ಷರ ಯಾವ ಕಡೆಯಿಂದ ಓದಬೇಕೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಹೇಗೆ ತಿರುಗಿಸಿದರೂ ಚೆಂದ ಕಾಣುವುದರಿಂದ ನಾನು ಕೇಳಲೂ ಹೋಗಲಿಲ್ಲ. ಈ ಹುಚ್ಚು ಎಷ್ಟಕ್ಕೆ ಮುಟ್ಟಿತ್ತೆಂದರೆ, ಒಮ್ಮೆ ಬಸ್ಸಿನಲ್ಲಿ ಕಾಳಿ ನದಿಯ ಸೇತುವೆ ದಾಟುವಾಗ ಎಲ್ಲರಂತೆ ನಾನೂ ಕೈಮುಗಿದು ನೀರಿಗೆ ನಾಣ್ಯ ಹಾಕಲು ಕಿಟಕಿಯಿಂದ ಕೈ ಹೊರಗೆ ಚಾಚಿದೆ. ಬಿಡುವ ಮುಂಚೆ ನೋಡಿದರೆ ನನ್ನಲ್ಲಿ ಇಲ್ಲದ ಒಂದು ಹಳೆಯ ಎಂಟಾಣೆ. ಕೈ ಒಳಗೆ ಬಂತು. ಸೇತುವೆ ಮುಗಿಯುತ್ತ ಬಂದಿತ್ತು, ಪರ್ಸಿನಲ್ಲಿ ಬೇರೆ ನಾಣ್ಯವಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಇಲ್ಲದಾಗ ಗಿರಾಕಿಗಳಿಗೆ ಕೊಡುವ ಪೆಪ್ಪರಮಿಂಟು ಒಂದಿತ್ತು, ಅದನ್ನೇ ಎಸೆದು ಗಂಗವ್ವನ ಕ್ಷಮೆ ಕೇಳಿದೆ. ಗಿರಾಕಿಗಳಂತೆ ಅವಳೂ ಗೊಣಗುತ್ತ ತೆಗೆದುಕೊಂಡಿರಬೇಕು.

ಇಡೀ ಡಬ್ಬಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಲೂಸಿ ಕೊಟ್ಟದ್ದು. ಲೂಸಿ ಹಳಿಯಾಳದ ಆಚೆ ಕಾಡಿನಂಚಿನ ಹಳ್ಳಿಯ ಸಿದ್ದಿ ಹೆಂಗಸು. ತುಸು ಹೊಲವಿದೆ, ಉಳಿದ ದಿನ ಕೂಲಿ. ಸಂತೆಯ ದಿನ ನಮ್ಮ ಅಂಗಡಿಗೆ ಬಂದಳೆಂದರೆ ಅವಳ ನಗು ಪರದೆ ದಾಟಿ ಹಿತ್ತಲಿನವರೆಗೆ ಕೇಳುತ್ತದೆ. ನಾವಿಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಹರಟೆ ಶುರುವಾಗಿ ಎಷ್ಟೋ ವರ್ಷವಾಯಿತು. ಅವಳ ಅಜ್ಜಿಯ ಎಲೆಯಡಿಕೆ ಚೀಲದಲ್ಲಿ ಒಂದು ಬೆಳ್ಳಿ ನಾಣ್ಯವಿತ್ತಂತೆ, ಗೋವಾದ ಪೋರ್ಚುಗೀಸರ ಕಾಲದ್ದು, ಅವರ ರಾಜನ ಮುಖ ಇರುವುದು. ನನ್ನ ಡಬ್ಬಿ ನೋಡಿದ ಮುಂದಿನ ಸಂತೆಗೇ ಅದನ್ನು ತಂದು ನನ್ನ ಅಂಗೈಯಲ್ಲಿಟ್ಟಳು. ನಾನು ಅವಳಿಗೊಂದು ಕುಪ್ಪಸದ ಖಣ ಕೊಟ್ಟೆ. ಈ ನಾಣ್ಯ ಅಜ್ಜಿಗೆ ಹೇಗೆ ಸಿಕ್ಕಿತು ಎಂದು ಕೇಳಿದಾಗ, ಗೋವಾದ ಒಂದು ಮದುವೆಯಲ್ಲಿ ಅಜ್ಜಿ ಕುಣಿದ ಕುಣಿತಕ್ಕೆ ಮೆಚ್ಚಿ ಯಾರೋ ಸಾಹೇಬ ಎಸೆದದ್ದು ಎಂದಳು. ಇನ್ನೊಂದು ಸಂತೆಗೆ ಕೇಳಿದರೆ, ಆ ಸಾಹೇಬನ ಕುದುರೆ ಕಾಡಿನಲ್ಲಿ ತಪ್ಪಿಸಿಕೊಂಡಾಗ ಅಜ್ಜಿ ಹಿಡಿದುಕೊಟ್ಟಿದ್ದಕ್ಕೆ ಸಿಕ್ಕ ಇನಾಮು ಎಂದಳು. ಮತ್ತೊಮ್ಮೆ ಸಾಹೇಬನೂ ಇರಲಿಲ್ಲ, ಕುದುರೆಯೂ ಇರಲಿಲ್ಲ, ಅಜ್ಜಿ ಜೋಯಿಡಾದ ಕಡೆಯ ಒಬ್ಬ ಜಿಪುಣನ ಹತ್ತಿರ ಪಂದ್ಯ ಕಟ್ಟಿ ಗೆದ್ದಿದ್ದಳು. ಯಾವುದು ನಿಜ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೇಳಿದರೆ ಒಂದೇ ಉಳಿಯುತ್ತದೆ, ಉಳಿದವು ಹೋಗುತ್ತವೆ. ಈ ಕಥೆಗಳು ನಡೆಯುವಾಗ ನಮ್ಮವರು ಅಲ್ಲೇ ಶೇಂಗಾ ತೂಗುತ್ತಿರುತ್ತಿದ್ದರು. ಅವರ ಕಿವಿಗೆ ಸಂಖ್ಯೆಯಿಲ್ಲದ ಮಾತು ಬೀಳುವುದಿಲ್ಲ.

ಹೀಗೆ ಸುಖವಾಗಿದ್ದ ಹೊತ್ತಿಗೆ ನಮ್ಮವರ ಮೊಬೈಲಿಗೆ ಒಂದು ವಿಡಿಯೋ ಬಂತು. ಅದರಲ್ಲಿ ಒಬ್ಬಾತ ಕೂಗಿ ಕೂಗಿ, ನಿಮ್ಮ ಮನೆಯಲ್ಲಿ ಇಂಥ ಹಳೆಯ ಎರಡು ರೂಪಾಯಿ ಇದ್ದರೆ ನೀವೀಗ ಲಕ್ಷಾಧೀಶರು ಎನ್ನುತ್ತಿದ್ದ. ನಮ್ಮವರು ಪರದೆ ಸರಿಸಿ ಒಳಗೆ ಬಂದರು. ಅಂಗಡಿಯಲ್ಲಿ ಗಿರಾಕಿ ಇರುವಾಗ ಅವರು ಒಳಗೆ ಬಂದದ್ದು ಅದೇ ಮೊದಲು. ನಿನ್ನ ಡಬ್ಬಿ ಎಲ್ಲಿದೆ ಎಂದು ಕೇಳಿದರು. ದನಿಯಲ್ಲಿ ಎಷ್ಟು ಮರ್ಯಾದೆ ಇತ್ತೆಂದರೆ ನನಗೆ ಅವತ್ತೇ ಅನುಮಾನ ಬರಬೇಕಿತ್ತು. ಅಲ್ಲಿಂದ ಮುಂದೆ ನಮ್ಮ ಮನೆಯ ಭಾಷೆಯೇ ಬದಲಾಯಿತು. ನನ್ನ ಹುಚ್ಚಿಗೆ ‘ಇನ್ವೆಸ್ಟ್‌ಮೆಂಟು’ ಎಂಬ ಹೆಸರು ಬಂತು. ಬಂಗಾರ ಮಲಗಬಹುದು, ಜಾಗ ಮಲಗಬಹುದು, ಹಳೆಯ ನಾಣ್ಯ ಮಾತ್ರ ವರ್ಷ ವರ್ಷ ಏಳುತ್ತಲೇ ಹೋಗುತ್ತದೆ ಎಂದು ಅವರು ಎಣ್ಣೆ ಕೊಳ್ಳಲು ಬಂದವರಿಗೂ ಹೇಳತೊಡಗಿದರು. ನಾನು ಇಷ್ಟು ವರ್ಷ ಇಂಥ ದೂರದೃಷ್ಟಿಯಿಂದ ದುಡ್ಡು ಹೂಡುತ್ತ ಬಂದದ್ದಕ್ಕೆ ಬೀಗರೆದುರು ನನ್ನನ್ನು ಹೊಗಳಿದರು. ಹೊಗಳಿಕೆ ಅಪರೂಪದ್ದಾದ್ದರಿಂದ ನಾನು ತಿದ್ದಲು ಹೋಗಲಿಲ್ಲ.

ಆದರೆ ಡಬ್ಬಿ ನನ್ನ ಕೈತಪ್ಪಿತು. ಅಡಿಗೆಮನೆಯ ಮೇಲಿನ ಹಲಗೆಯಿಂದ ಅದು ಟಿಜೋರಿಗೆ ಹೋಗಿ ಬಂಗಾರದ ಪಕ್ಕ ಕೂತಿತು. ಟಿಜೋರಿಯ ಕೀಲಿ ನಮ್ಮವರ ಉಡುದಾರದಲ್ಲಿ. ನನ್ನ ಘೇಂಡಾಮೃಗವನ್ನು ನೋಡಬೇಕೆಂದರೆ ನಾನು ಅರ್ಜಿ ಹಾಕಬೇಕು. ಅವರು ಕೀಲಿ ತೆಗೆದು, ಕೈ ತೊಳೆದು ಬಾ, ಅಂಚು ಹಿಡಿದು ನೋಡು, ಉಸಿರು ಬಿಡಬೇಡ ಎಂದು ಪಕ್ಕದಲ್ಲೇ ನಿಲ್ಲುತ್ತಿದ್ದರು. ಒಂದೊಂದು ನಾಣ್ಯಕ್ಕೂ ಒಂದೊಂದು ಪ್ಲಾಸ್ಟಿಕ್ ಚೀಲವಾಯಿತು. ನಾನು ಕೊಟ್ಟವರ ಪ್ರಕಾರ ಜೋಡಿಸಿದ್ದನ್ನು ಕಲಸಿ, ಅವರು ಬರಬಹುದಾದ ಬೆಲೆಯ ಪ್ರಕಾರ ಜೋಡಿಸಿದರು. ಟಿಬೆಟಿಯನ್ ಅಜ್ಜಿ ಎಲ್ಲೋ ಕೆಳಗೆ ಹೋದಳು. ನನಗೆ ನಿಜಕ್ಕೂ ಸಂಕಟವಾಯಿತು. ಮಧ್ಯಾಹ್ನದ ಗಿರಾಕಿಯಿಲ್ಲದ ಹೊತ್ತಿನಲ್ಲಿ ಡಬ್ಬಿಯನ್ನು ಮಡಿಲಲ್ಲಿ ಬಗ್ಗಿಸಿಕೊಂಡು ಕೂಡುವ ಸುಖ ಎಂಥದ್ದೆಂದು ಅದು ಹೋದಮೇಲೆ ತಿಳಿಯಿತು. ಒಂದು ಮಾತ್ರ ಜಾಣತನ ಮಾಡಿದ್ದೆ. ಡಬ್ಬಿ ಟಿಜೋರಿಗೆ ಹೋಗುವ ಮುಂಚೆ ಲೂಸಿಯ ನಾಣ್ಯವನ್ನು ತೆಗೆದು ಸಾಸಿವೆ ಡಬ್ಬಿಯಲ್ಲಿ ಹುಗಿದಿಟ್ಟಿದ್ದೆ. ನಮ್ಮವರು ಸಾಸಿವೆ ಮಾರುತ್ತಾರೆಯೇ ಹೊರತು ಒಗ್ಗರಣೆ ಹಾಕುವುದಿಲ್ಲ.

ಬೆಳಗಾವಿಯಿಂದ ನಮಗೆ ಎಣ್ಣೆ ಕಳಿಸುವ ಸಗಟು ವ್ಯಾಪಾರಿಯ ಅಳಿಯನೊಬ್ಬ ಹಳೆಯ ನಾಣ್ಯ ಕೊಳ್ಳುತ್ತಾನೆ ಎಂದು ಗೊತ್ತಾಯಿತು. ಆತ ಗೆಳೆಯರೊಡನೆ ಗಣೇಶಗುಡಿಗೆ ರಾಫ್ಟಿಂಗಿಗೆ ಬರುವವನಿದ್ದ. ಅಲ್ಲಿಯ ಹೋಮ್‌ಸ್ಟೇಗೆ ಮಾಲು ತಂದರೆ ನೋಡಿ ಬೆಲೆ ಹೇಳುತ್ತೇನೆ ಎಂದು ಫೋನಿನಲ್ಲಿ ಹೇಳಿದನಂತೆ. ಹೋಗುವ ಹಿಂದಿನ ದಿನ ಅಮಾವಾಸ್ಯೆ ಬಿತ್ತು. ಅಮಾವಾಸ್ಯೆಗೆ ನಮ್ಮ ಅಂಗಡಿಯ ತಕ್ಕಡಿ, ತೂಕದ ಕಲ್ಲು, ಹಿತ್ತಾಳೆಯ ಮಾಪು ಎಲ್ಲವನ್ನೂ ನಮ್ಮವರೇ ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ತಿಕ್ಕಿ ವಿಭೂತಿ ಇಟ್ಟು ಪೂಜೆ ಮಾಡುತ್ತಾರೆ. ಈ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ತಿಕ್ಕುತ್ತಿದ್ದವರು ಕೈ ತಡೆದು ಯೋಚಿಸಿದರು. ಎದ್ದು ಹೋಗಿ ಟಿಜೋರಿಯಿಂದ ಡಬ್ಬಿ ತಂದರು. ಗಿರಾಕಿಯ ಮುಂದೆ ಧೂಳು ಹಿಡಿದ ಮಾಲು ಇಡುವುದು ಅವರ ಜಾಯಮಾನದಲ್ಲೇ ಇಲ್ಲ. ಬೇಳೆಯನ್ನು ಮೊರದಲ್ಲಿ ಕೇರಿ, ತೆಂಗಿನಕಾಯಿಯ ಜುಟ್ಟು ಒಪ್ಪ ಮಾಡಿ ಇಡುವ ಮನುಷ್ಯ. ನಾನು ಇನ್ನೊಂದು ಉಂಡೆ ಹುಣಸೆಹಣ್ಣು ನೆನೆಹಾಕಿ ಕೊಟ್ಟೆ. ಯಾರ ಮೇಲೆ ಎಷ್ಟೇ ಸಿಟ್ಟಿದ್ದರೂ ಮನೆಯ ವಸ್ತು ನಾಲ್ಕು ಜನರ ಮುಂದೆ ಕರ್ರಗೆ ಕಾಣಬಾರದೆಂಬ ಅಭಿಮಾನ ನನಗೂ ಉಂಟಲ್ಲ. ಸಂಜೆಯ ಹೊತ್ತಿಗೆ ತೂತಿನ ಕಾಸಿನಿಂದ ಹಿಡಿದು ರಾಜನ ತಲೆಯ ರೂಪಾಯಿಯವರೆಗೆ ಎಲ್ಲವೂ ನಿನ್ನೆ ಹುಟ್ಟಿದಂತೆ ಹೊಳೆಯುತ್ತಿದ್ದವು. ನಮ್ಮವರು ಸಾಲಾಗಿ ಒಣಗಿಸಿ, ಒಂದೊಂದಕ್ಕೂ ವಿಭೂತಿಯ ಬೊಟ್ಟಿಟ್ಟು, ಆಮೇಲೆ ಅದನ್ನೂ ಒರೆಸಿ ತುಂಬಿದರು.

ಮರುದಿನ ಡಬ್ಬಿಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆವು. ನನ್ನನ್ನು ಕರೆದುಕೊಂಡು ಹೋದದ್ದು ಹೆಂಗಸಿನ ಮಡಿಲಲ್ಲಿರುವ ಡಬ್ಬಿಯಲ್ಲಿ ಚಕ್ಕುಲಿ ಇದೆಯೆಂದು ಕಳ್ಳರು ತಿಳಿಯುತ್ತಾರೆ ಎಂಬ ಲೆಕ್ಕಾಚಾರದಿಂದ. ದಾಂಡೇಲಿಯಲ್ಲಿ ಇಳಿದಾಗ ಕಾಗದದ ಕಾರ್ಖಾನೆಯ ವಾಸನೆ ಎಂದಿನಂತೆ ಮೂಗಿಗೆ ಬಡಿಯಿತು. ಗಣೇಶಗುಡಿಯ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಇಷ್ಟು ಮಾಲು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂಡುವುದು ಸುರಕ್ಷಿತವಲ್ಲವೆಂದು ನಮ್ಮವರು ಜೀವಮಾನದಲ್ಲಿ ಮೊದಲ ಸಲ ಅಷ್ಟು ದೂರಕ್ಕೆ ಆಟೋ ಮಾಡಿದರು. ಇಳಿದಮೇಲೆ ಬಾಡಿಗೆಯ ನೋಟುಗಳ ಜೊತೆ ಒಂದು ಹತ್ತು ರೂಪಾಯಿಯ ನಾಣ್ಯ ಕೊಟ್ಟರು. ಆಟೋದವನು ಅದನ್ನು ತಿರುಗಿಸಿಯೂ ನೋಡಲಿಲ್ಲ. ಇದು ನಮ್ಮ ಕಡೆ ನಡೆಯುವುದಿಲ್ಲ ಎಂದು ವಾಪಸು ಕೊಟ್ಟ. ಸರ್ಕಾರದ ನಾಣ್ಯ ಹೇಗೆ ನಡೆಯುವುದಿಲ್ಲ ಎಂದು ನಮ್ಮವರು ವಾದಕ್ಕೆ ನಿಂತರು. ಅವರ ಅಂಗಡಿಯಲ್ಲಿ ಅವರೂ ಅದನ್ನು ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿದ್ದರಿಂದ ನಾನು ಸುಮ್ಮನೆ ಕಾಡು ನೋಡುತ್ತ ನಿಂತೆ. ಡಬ್ಬಿಯಲ್ಲಿ ನಡೆಯದ ನಾಣ್ಯಗಳ ಲಕ್ಷಾಂತರ ರೂಪಾಯಿ ಇದ್ದಾಗ ನಡೆಯುವ ಒಂದು ನಾಣ್ಯ ನಡೆಯದೆ ಹೋದದ್ದು ಅವರಿಗೆ ಅಪಶಕುನವಾಗಿ ಕಂಡಿತು.

ಹೋಮ್‌ಸ್ಟೇಯಲ್ಲಿ ಅಳಿಯ ಇರಲಿಲ್ಲ. ಅಣೆಕಟ್ಟಿನಿಂದ ನೀರು ಬಿಡುವುದು ತಡವಾದ್ದರಿಂದ ರಾಫ್ಟೂ ತಡವಾಗಿ ಹೊರಟಿತ್ತು. ನಾವು ಜಗುಲಿಯ ಮೇಲೆ ಕಾಯುತ್ತ ಕೂತೆವು. ಇಲ್ಲಿ ಒಂದು ವಿಷಯ ಹೇಳಲೇಬೇಕು. ಬರುವಾಗ ಲೂಸಿಯ ನಾಣ್ಯವನ್ನು ಸಾಸಿವೆಯಿಂದ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದೆ. ಯಾಕೆ ತಂದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಬೇರೆ ಬೇರೆ ಕಾರಣ ಕೊಟ್ಟುಕೊಂಡೆ. ಜೊತೆಗಿರಲಿ ಎಂದು, ಮನೆಯಲ್ಲಿ ಇಲಿ ಇವೆ ಎಂದು. ಕೇಳಿದರೆ ಕೇಳೋಣ, ಬೆಲೆ ಕೇಳಿದ ಮಾತ್ರಕ್ಕೆ ಮಾರಿದಂತೆ ಆಯಿತೇ ಎಂಬುದು ನಿಜವಾದ ಕಾರಣ. ಪರದೆಯ ಈಚೆ ಇಷ್ಟು ವರ್ಷ ಬಾಳಿದರೂ ಆಚೆಯ ಗಾಳಿ ಬೀಸದೆ ಇರುತ್ತದೆಯೇ.

ಅಳಿಯ ತೊಯ್ದ ಬಟ್ಟೆಯಲ್ಲೇ ಬಂದ. ಒಳ್ಳೆಯ ಹುಡುಗ. ನಮ್ಮನ್ನು ಕಾಕಾ, ಕಾಕು ಎಂದು ಮಾತಾಡಿಸಿ, ತಲೆ ಒರೆಸಿಕೊಂಡು, ಟೇಬಲ್ಲಿನ ಮೇಲೆ ಒಂದು ಮಕಮಲ್ಲಿನ ಬಟ್ಟೆ ಹಾಸಿ, ಕಣ್ಣಿಗೆ ಭೂತಗನ್ನಡಿ ಹಿಡಿದು ಕೂತ. ನಮ್ಮವರು ಡಬ್ಬಿಯ ಮುಚ್ಚಳ ತೆಗೆದರು. ಬಿಸಿಲಿಗೆ ಆ ನಾಣ್ಯಗಳು ಹೊಳೆದದ್ದು ನೋಡಿ ನನಗೇ ಹೆಮ್ಮೆಯಾಯಿತು. ಅಳಿಯ ಮೊದಲನೆಯದನ್ನು ಎತ್ತಿದ, ಇಟ್ಟ. ಎರಡನೆಯದನ್ನು ಎತ್ತಿದ, ಇಟ್ಟ. ಆಮೇಲೆ ಎತ್ತುವುದನ್ನೇ ಬಿಟ್ಟು ಭೂತಗನ್ನಡಿ ಕೆಳಗಿಟ್ಟ.

“ಕಾಕಾ, ಇವನ್ನ ಯಾರ ತೊಳದ್ರು?” ಎಂದು ಕೇಳಿದ.

“ನಾನ ತಿಕ್ಕೇನ್ರಿ. ಹುಣಸಿಹಣ್ಣ ಹಾಕಿ,” ಎಂದು ನಮ್ಮವರು ಎದೆಯುಬ್ಬಿಸಿದರು. “ಒಂದಕ್ಕೂ ಕಲಿ ಉಳಿದಿಲ್ಲ ನೋಡ್ರಿ.”

ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಆ ಹುಡುಗ ತಿಳಿಸಿ ಹೇಳಿದ. ಹಳೆಯ ನಾಣ್ಯದ ಮೇಲೆ ವರ್ಷಗಟ್ಟಲೆ ಕೂತ ಕಪ್ಪು ಬಣ್ಣವೇ ಅದರ ವಯಸ್ಸಿಗೆ ಸಾಕ್ಷಿಯಂತೆ. ಕೊಳ್ಳುವವರು ನೋಡುವುದು ಅದನ್ನೇ. ತಿಕ್ಕಿದರೆ ಮೇಲೆ ಸಣ್ಣ ಗೀರು ಬಿದ್ದು, ಬೆಲೆ ಬೂದಿಯ ಜೊತೆಗೇ ಮೋರಿಗೆ ಹರಿದು ಹೋಗುತ್ತದಂತೆ. ಇವುಗಳಲ್ಲಿ ಒಂದೆರಡಕ್ಕೆ ತಕ್ಕಮಟ್ಟಿಗೆ ಹಣ ಬರುತ್ತಿತ್ತು, ಈಗ ಯಾರೂ ಕೊಳ್ಳುವುದಿಲ್ಲ ಎಂದ. ನಮ್ಮವರು ಒಂದು ನಾಣ್ಯ ಎತ್ತಿ ಬಿಸಿಲಿಗೆ ಹಿಡಿದರು. “ಹೊಲಸ ಇದ್ದದ್ದಕ್ಕ ರೇಟ್ ಜಾಸ್ತಿ, ಸ್ವಚ್ಛ ಮಾಡಿದ್ದಕ್ಕ ಕಡಿಮಿ. ಇದ್ಯಾವ ವ್ಯಾಪಾರ್ರೀ?” ಎಂದರು. ಅವರ ಮುಖ ನೋಡಲಾಗಲಿಲ್ಲ. ಗಿರಾಕಿಗೆ ಸ್ವಚ್ಛ ಮಾಲು ಕೊಡಬೇಕೆಂಬ ಒಂದೇ ಧರ್ಮವನ್ನು ನಂಬಿ ಬದುಕಿದ ಮನುಷ್ಯ. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಸಮಾಧಾನ ಹೇಳಲು ಹೋಗಿ ಆ ಹುಡುಗ ತಪ್ಪು ಮಾಡಿದ. ಇನ್ನು ಇವು ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಗಬೇಕಷ್ಟೇ ಎಂದು ನಕ್ಕ. ಕಿಲೋ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮವರಲ್ಲಿ ಜೀವ ಸಂಚಾರವಾಯಿತು. ಕಿಲೋಕ್ಕೆ ಎಷ್ಟರಂತೆ ಎಂದು ಕೇಳಿದರು. ಅಳಿಯ, ಕಾಕಾ, ನಾನು ಗುಜರಿಯವನಲ್ಲ ಎಂದ. ಆಗಲಿ, ಆದರೂ ಒಂದು ಮಾತು ಹೇಳಿ ಎಂದರು. ಬಿಡಿಸಿಕೊಳ್ಳಲಾರದೆ ಆತ ಒಂದು ಅಂಕಿ ಹೇಳಿದ. ನಮ್ಮವರು ಹಿತ್ತಾಳೆ ಬೇರೆ, ಅಲ್ಯೂಮಿನಿಯಂ ಬೇರೆ ಹಿಡಿಯಬೇಕೆಂದು ಚೌಕಾಸಿಗೆ ಇಳಿದರು. ಆತ ಹತ್ತು ಏರಿಸಿದ, ಇವರು ಐದು ಇಳಿದರು. ಅಡಿಗೆಮನೆಯಿಂದ ತಕ್ಕಡಿ ತರಿಸಿರಿ ಎಂದರು. ಅವರಿಗೆ ಲಾಭ ಬೇಕಾಗಿರಲಿಲ್ಲ, ಬಲ್ಲೆ. ಶುರುವಾದ ಚೌಕಾಸಿಯನ್ನು ನಡುವೆ ಬಿಟ್ಟು ಏಳುವುದು ಅವರಿಗೆ ಬರುವುದಿಲ್ಲ, ಅಷ್ಟೇ. ಆದರೆ ನನ್ನ ಘೇಂಡಾಮೃಗ, ನನ್ನ ತೂತಿನ ಕಾಸು, ನನ್ನ ಟಿಬೆಟಿಯನ್ ಅಜ್ಜಿ ಎಲ್ಲ ತಕ್ಕಡಿ ಏರುವ ಹೊತ್ತು ಬಂದಿತ್ತು. ಏನಾದರೂ ಮಾಡಿ ಅವರ ಮಾತು ತಪ್ಪಿಸಬೇಕೆಂದು ಸೆರಗಿನ ಗಂಟು ಬಿಚ್ಚಿ, ಇದನ್ನು ಸ್ವಲ್ಪ ನೋಡಪ್ಪ ಎಂದು ಲೂಸಿಯ ನಾಣ್ಯವನ್ನು ಮಕಮಲ್ಲಿನ ಮೇಲಿಟ್ಟೆ.

ಅಳಿಯ ಮತ್ತೆ ಭೂತಗನ್ನಡಿ ಎತ್ತಿಕೊಂಡ. ಈ ಸಲ ಬೇಗ ಕೆಳಗಿಡಲಿಲ್ಲ. ಇದನ್ನು ಯಾರೂ ಮುಟ್ಟಿಲ್ಲವಲ್ಲ ಎಂದ. ಸಾಸಿವೆ ಮುಟ್ಟಿದೆ ಎಂದು ನಾನು ಹೇಳಲಿಲ್ಲ. ಎಂಟು ಸಾವಿರ ಕೊಡುತ್ತೇನೆ ಎಂದ. ನಮ್ಮವರ ಚೌಕಾಸಿ ಅಲ್ಲೇ ನಿಂತಿತು. ನಾನು ಆಗ ಏನು ಹೇಳಬೇಕಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ಗೆಳತಿ ಕೊಟ್ಟದ್ದು, ಮಾರುವುದಿಲ್ಲ ಎಂದು ಸೆರಗಿಗೆ ಕಟ್ಟಿಕೊಂಡು ಎದ್ದುಬರಬೇಕಿತ್ತು. ಇಷ್ಟು ದಿನ ಮನಸ್ಸಿನಲ್ಲೇ ನಮ್ಮವರಿಗೆ ಮಾಡಿದ ಉಪದೇಶಕ್ಕೆ ಅದೇ ತಕ್ಕ ಮುಕ್ತಾಯವಾಗುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

“ಎಂಟಕ್ಕ ಹೆಂಗಾಗತೈತಿ? ಹನ್ನೆರಡು ಮಾಡು.”

ಅಳಿಯ ಹತ್ತು ಎಂದ. ಹತ್ತೂವರೆ ಎನ್ನಲು ನಾನು ನಾಲಿಗೆ ತೇವ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಮ್ಮವರು ನಾಣ್ಯದ ಮೇಲೆ ಕೈಯಿಟ್ಟರು.

“ಇದು ಲೂಸೀದಲ್ಲೇನ?”

ನನಗೆ ಕೊಟ್ಟದ್ದು ಎಂದೆ. ಅವರು ತಲೆಯಾಡಿಸಿದರು. “ಕೊಟ್ಟಾಗ ಅದರ ಬೆಲಿ ಆಕಿಗೆ ಗೊತ್ತಿರಲಿಲ್ಲ. ಹತ್ತರ ನೋಟಂತ ತಿಳದು ನೂರರ ನೋಟ ಕೊಟ್ಟವರಿಗೆ ನಾವು ತಿರುಗಿ ಕೊಡತೇವೊ ಇಲ್ಲೊ? ಮೊದಲ ಆಕಿನ್ನ ಕೇಳು.” ಹೀಗೆಂದು ನಾಣ್ಯವನ್ನು ನನ್ನ ಸೆರಗಿಗೆ ತಾವೇ ಗಂಟು ಹಾಕಿದರು. ಡಬ್ಬಿಯ ಮುಚ್ಚಳವನ್ನೂ ಹಾಕಿದರು. ಹೆಂಡತಿಯ ಸೆರಗು ಹಿಡಿದು ನಿಂತ ನಮ್ಮವರನ್ನು ರಾಫ್ಟಿನಿಂದ ಇಳಿದು ಬಂದ ಹುಡುಗರೆಲ್ಲ ನೋಡಿದರು. ಅವರಿಗೆ ನಾಚಿಕೆಯಾಗಲಿಲ್ಲ. ಆದದ್ದು ನನಗೆ, ಅದೂ ಬೇರೆ ಕಾರಣಕ್ಕೆ.

ಮನೆಗೆ ಬಂದಮೇಲೆ ಡಬ್ಬಿ ಟಿಜೋರಿಗೆ ಹೋಗಲಿಲ್ಲ. ಬೆಲೆಯಿಲ್ಲದ ವಸ್ತುವಿಗೆ ಬಂಗಾರದ ಪಕ್ಕ ಜಾಗವಿಲ್ಲ. ಪ್ಲಾಸ್ಟಿಕ್ ಚೀಲಗಳನ್ನು ಅಂಗಡಿಯಲ್ಲಿ ಏಲಕ್ಕಿ ಕಟ್ಟಲು ಬಳಸಿದರು. ಆದರೆ ಒಂದು ವಿಚಿತ್ರ ನಡೆಯಿತು. ಮಧ್ಯಾಹ್ನ ಮಲಗುವ ಬದಲು ನಮ್ಮವರು ಡಬ್ಬಿ ತೆಗೆದು ನಾಣ್ಯಗಳನ್ನು ನೆಲದ ಮೇಲೆ ಹರವಿಕೊಂಡು ಕೂಡತೊಡಗಿದರು. ಅಷ್ಟು ಹೊತ್ತು ಕೂತು ತಿಕ್ಕಿದವರಲ್ಲವೇ, ಒಂದೊಂದರ ಮುಖಪರಿಚಯವೂ ಆಗಿಬಿಟ್ಟಿತ್ತು. ಈ ಘೇಂಡಾಮೃಗದ ಕಿವಿ ನೋಡಿದೆಯಾ ಎಂದು ಒಂದು ದಿನ ನನ್ನನ್ನೇ ಕರೆದು ತೋರಿಸಿದರು. ಬರುವ ಗಿರಾಕಿಗಳಿಗೆಲ್ಲ ಮುಟ್ಟಿ ನೋಡಿ, ಏನೂ ಆಗುವುದಿಲ್ಲ, ಆಗುವುದೆಲ್ಲ ಆಗಿಹೋಗಿದೆ ಎನ್ನುತ್ತಿದ್ದರು. ನಾನು ಅವರ ಜೊತೆ ಕೂತು ಆಡಬಹುದಿತ್ತು. ಆದರೆ ನನಗೆ ಬೇರೆ ಕೆಲಸವಿತ್ತು. ಲೂಸಿಯ ನಾಣ್ಯ ಸಾಸಿವೆಯಲ್ಲಿದ್ದರೆ ಎಣ್ಣೆಯಂಶ ತಗಲುತ್ತದೆ ಎಂದು ಹತ್ತಿಯಲ್ಲಿ ಸುತ್ತಿ, ಟಿಜೋರಿಯ ಕೀಲಿ ಕೇಳಿ ಇಸಿದುಕೊಂಡು, ಒಳಗೆ ಬಂಗಾರದ ಪಕ್ಕ ಇಟ್ಟೆ. ದಿನಕ್ಕೊಮ್ಮೆ ತೆಗೆದು ಕಪ್ಪು ಸರಿಯಾಗಿದೆಯೇ ಎಂದು ನೋಡಿ ಒಳಗಿಡುತ್ತಿದ್ದೆ.

ಸಂತೆಯ ದಿನ ಲೂಸಿ ಬಂದಳು. ಹೇಳದೆ ಇರೋಣವೇ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ನಮ್ಮವರು ಬೇಳೆ ತೂಗುತ್ತ ನನ್ನನ್ನೇ ನೋಡುತ್ತಿದ್ದುದರಿಂದ ಹೇಳಿಬಿಟ್ಟೆ. ನಾಣ್ಯವನ್ನು ತಂದು ಅವಳ ಕೈಗಿಟ್ಟು, ಇದು ನಿನ್ನದು, ಹತ್ತು ಸಾವಿರಕ್ಕೆ ಹೋಗುತ್ತದೆ, ತೆಗೆದುಕೊಂಡು ಹೋಗು ಎಂದೆ. ಲೂಸಿ ಕಣ್ಣರಳಿಸಿ ಕೇಳಿದಳು. ಯಾರು ಹೇಳಿದರು, ಎಲ್ಲಿ ಹೇಳಿದರು ಎಂದು ವಿವರವಾಗಿ ಹೇಳಿಸಿಕೊಂಡಳು. ನಿನ್ನ ಅಕ್ಕಾರು ಹನ್ನೆರಡು ಕೇಳಿದ್ದರು ಎಂಬುದನ್ನು ನಮ್ಮವರು ತಕ್ಕಡಿಯ ಹಿಂದಿನಿಂದ ಸೇರಿಸಿದರು. ಅವಳ ನಗು ಹಿತ್ತಲಿನವರೆಗೆ ಹೋಯಿತು. ತೆಗೆದುಕೊಂಡು ಹೋಗಲು ಮಾತ್ರ ಒಪ್ಪಲಿಲ್ಲ.

“ಹತ್ತು ಸಾವಿರದ್ದು ಯಾರಿಗರೆ ಕೊಟ್ಟೇನಿ ಅನ್ನೂದು ನನಗೂ ಈಗ ಗೊತ್ತಾತು,” ಎಂದಳು. “ತಿರುಗಿ ತೊಗೊಂಡ್ರ ಏನ ಉಳೀತರೀ ನನಗ?”

ಅಂಗಡಿಯಲ್ಲಿ ನಿಂತಿದ್ದವರಿಗೆಲ್ಲ ಅದನ್ನು ಎತ್ತಿ ತೋರಿಸಿದಳು. ನಾನೇ ಕೊಟ್ಟದ್ದು, ಅಕ್ಕಾರು ಇದರ ಬದಲಿಗೆ ಕುಪ್ಪಸದ ಖಣ ಕೊಟ್ಟರು, ಅದು ಎಂದೋ ಹರಿದುಹೋಯಿತು ಎಂದಳು. ನಾನೂ ನಕ್ಕೆ, ಮನಸ್ಸು ಹಗುರವಾಯಿತು. ಆಮೇಲೆ ಅವಳು ನಾಣ್ಯವನ್ನು ಕಣ್ಣಿನ ಹತ್ತಿರ ಹಿಡಿದು, ಎಷ್ಟು ಕರ್ರಗಾಗಿದೆ ಎಂದು ಅದರ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟು, ಸೆರಗಿನ ತುದಿ ಎತ್ತಿಕೊಂಡಳು.

“ಒರಸಬ್ಯಾಡ,” ಎಂದು ಕೂಗಿದೆ.

ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಮ್ಮವರ ತಕ್ಕಡಿ ಗಾಳಿಯಲ್ಲೇ ನಿಂತಿತು. ಲೂಸಿ ನಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಆಶ್ಚರ್ಯವಾಗಿತ್ತು.

“ನಮ್ಮಜ್ಜಿ ಇದನ್ನ ದಿನಾ ಹಿಂಗ ಒರಸತಿದ್ಳರೀ, ಅಕ್ಕಾರ. ಕರ್ರಗಾಗಿದ್ದು ನಿಮ್ಮ ಮನಿಗೆ ಬಂದ ಮ್ಯಾಲ.”

ಒರೆಸು ಎಂದೆ. ಅವಳು ಅಂಗಡಿಯ ಕಟ್ಟೆಯ ಮೇಲೆ ಆರಾಮಾಗಿ ಕೂತು, ಸೆರಗನ್ನು ಬೆರಳಿಗೆ ಸುತ್ತಿಕೊಂಡು ತಿಕ್ಕತೊಡಗಿದಳು. ತಿಕ್ಕುತ್ತ ತಿಕ್ಕುತ್ತ, ಇದು ಅಜ್ಜಿಗೆ ಹೇಗೆ ಸಿಕ್ಕಿತು ಎಂಬುದರ ಕಥೆ ತೆಗೆದಳು. ಈ ಸಲ ಹೊಸ ಕಥೆ. ಎಂದೂ ಕಿವಿಗೊಡದ ನಮ್ಮವರು ಗಿರಾಕಿಯ ಬೇಳೆಯನ್ನು ಅರ್ಧಕ್ಕೆ ಬಿಟ್ಟು ಕೇಳುತ್ತ ನಿಂತರು, ನಡುನಡುವೆ ನಕ್ಕರು, ಆಮೇಲೇನಾತು ಎಂದು ಕೇಳಿದರು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಒಂದು ಸಲ ತಿಕ್ಕಿದಾಗ ಒಂಬತ್ತು ಸಾವಿರವಾಯಿತು, ಇನ್ನೊಂದು ಸಲಕ್ಕೆ ಎಂಟಾಯಿತು, ರಾಜನ ಮೂಗು ಹೊಳೆಯುವ ಹೊತ್ತಿಗೆ ಐದಕ್ಕೆ ಬಂದು ನಿಂತಿತು. ಹೀಗೆ ಇಳಿಸುತ್ತ ಕೂತಿದ್ದರಿಂದ ಕಥೆ ಮುಗಿದದ್ದೇ ನನಗೆ ತಿಳಿಯಲಿಲ್ಲ. ಬಹಳ ಚೆನ್ನಾಗಿತ್ತಂತೆ. ಲೂಸಿ ಹೋದಮೇಲೆ ನಮ್ಮವರನ್ನು ಕೇಳಿದೆ, ಅವರು ಇನ್ನೊಮ್ಮೆ ಹೇಳಿದರು.